ಲಿನಸ್ ಪಾಲಿಂಗ್

ರೋಗವೊಂದರ ಬೇರು ಒಂದೇ ಅಣುವಿನ ದೋಷದಲ್ಲಿರಬಹುದೆಂದು ಮೊದಲು ತೋರಿಸಿಕೊಟ್ಟ ಕೀರ್ತಿ ಅಮೆರಿಕದ ರಸಾಯನಶಾಸ್ತ್ರಜ್ಞ ಲಿನಸ್ ಪಾಲಿಂಗ್ ಮತ್ತು ಅವರ ಸಂಗಡಿಗರಿಗೆ ಸಲ್ಲುತ್ತದೆ. ಕಲಾ ವಿಭಾಗದ ವಿದ್ಯಾರ್ಥಿಯಾದ ನನ್ನನ್ನು ಆ ಶೋಧದಷ್ಟೇ ಅದರ ನಂತರದ ಕಥೆಯೂ ಸೆಳೆದಿದೆ.

ಪಾಲಿಂಗ್ ಅವರು 1901ನೆಯ ಇಸವಿ ಫೆಬ್ರವರಿ 28ರಂದು ಪೋರ್ಟ್‌ಲೆಂಡ್ ನಗರದಲ್ಲಿ ಔಷಧ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದರು. ಒಂಬತ್ತನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡು, ದುಡಿಯುತ್ತಲೇ ಓದಿ, ಕ್ಯಾಲಿಫೋರ್ನಿಯದ ತಂತ್ರವಿದ್ಯಾ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

1945ರಲ್ಲಿ ವೈದ್ಯ ವಿಲಿಯಂ ಕ್ಯಾಸಲ್ ಅವರ ಬಾಯಿಂದ ಕುಡುಗೋಲು ಕಣ ರೋಗದ ಸಂಗತಿ ಅವರ ಕಿವಿಗೆ ಬಿತ್ತು. ಈ ರೋಗಿಗಳ ಕೆಂಪು ರಕ್ತಕಣಗಳು ಆಮ್ಲಜನಕವನ್ನು ಬಿಟ್ಟುಕೊಟ್ಟೊಡನೆ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಸಹಿಸಲಾಗದ ನೋವನ್ನುಂಟುಮಾಡುತ್ತವೆ. ದೋಷ ಹಿಮೋಗ್ಲೋಬಿನ್ನಿನಲ್ಲಿಯೇ ಇರಬೇಕೆಂದು ಪಾಲಿಂಗ್ ಊಹಿಸಿದರು. ಅವರ ಶಿಷ್ಯ ಹಾರ್ವೆ ಇಟಾನೊ ಮತ್ತು ಸಂಗಡಿಗರು ವಿದ್ಯುತ್ ಕ್ಷೇತ್ರದಲ್ಲಿ ಅದನ್ನು ಹರಿಯಬಿಟ್ಟಾಗ ರೋಗಿಯ ಹಿಮೋಗ್ಲೋಬಿನ್ ಬೇರೆ ರೀತಿಯಲ್ಲಿ ಚಲಿಸಿತು. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ದೋಷ ಪಡೆದು ಆರೋಗ್ಯದಿಂದಿರುವ ವಾಹಕರಲ್ಲಿ ಎರಡೂ ಬಗೆ ಬೆರೆತಿದ್ದವು. 1949ರಲ್ಲಿ ಇದು ಪ್ರಕಟವಾಯಿತು.

ಆದರೆ ಒಂದೇ ದೋಷವುಳ್ಳ ಇಬ್ಬರಲ್ಲಿ ಒಬ್ಬನು ನರಳುವುದೂ ಇನ್ನೊಬ್ಬನು ಬಹುಮಟ್ಟಿಗೆ ಸುಖವಾಗಿರುವುದೂ ಏಕೆ? ಇದಕ್ಕೆ ಸುಳಿವು 1948ರಲ್ಲಿಯೇ ದೊರೆತಿತ್ತು. ನವಜಾತ ಶಿಶುಗಳ ಕಣಗಳು ಕಡಮೆ ಬಾಗುವುದನ್ನು ವೈದ್ಯೆ ಜಾನೆಟ್ ವಾಟ್ಸನ್ ಗಮನಿಸಿದ್ದರು. ಅವುಗಳನ್ನು ಕಾಯುವುದು ಭ್ರೂಣಾವಸ್ಥೆಯ ಹಿಮೋಗ್ಲೋಬಿನ್. ಬೆಳೆದ ಮೇಲೂ ಅದು ಹೆಚ್ಚಾಗಿ ಉಳಿದವರಲ್ಲಿ ರೋಗ ಸಾಮಾನ್ಯವಾಗಿ ಸೌಮ್ಯ. ಅದನ್ನು ತಗ್ಗಿಸುವ ಬಿಸಿಎಲ್11ಎ ಎಂಬ ಜೀನಿನ ಪಾತ್ರ 2008ರಲ್ಲಿ ಬೆಳಕಿಗೆ ಬಂದಿತು. ಬಿಳಿ ಕಣಗಳ ಸಂಖ್ಯೆ, ಆಲ್ಫಾ ಥಲಸೀಮಿಯ ಜೊತೆಗಿರುವುದು ಮೊದಲಾದುವನ್ನೂ ವೈದ್ಯರು ನೋಡುತ್ತಾರೆ. ಆದರೂ ಯಾವ ಒಂದು ಅಂಕಿಯೂ ರೋಗಿಯ ಭವಿಷ್ಯವನ್ನು ಪೂರ್ತಿಯಾಗಿ ಹೇಳಲಾರದು.

ಪಾಲಿಂಗರಿಗೆ 1954ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಅಣ್ವಸ್ತ್ರ ಪರೀಕ್ಷೆಗಳ ಧೂಳು ಇನ್ನೂ ಹುಟ್ಟದ ಮಕ್ಕಳಿಗೆ ಕೇಡೆಂದು ಹೋರಾಡಿದ್ದಕ್ಕೆ 1962ರ ಶಾಂತಿ ಪಾರಿತೋಷಕವೂ ಸಂದಿತು. ಹುಟ್ಟದ ಮಕ್ಕಳ ಮೇಲಿನ ಇದೇ ಮರುಕ ಅವರನ್ನು ಒಮ್ಮೆ ದಾರಿ ತಪ್ಪಿಸಿತೆಂದು ನನ್ನ ಭಾವನೆ. ವಾಹಕರು ತಮ್ಮತಮ್ಮಲ್ಲಿ ಮದುವೆಯಾಗದಿರಲೆಂದು, ಅಂಥ ತರುಣ ತರುಣಿಯರ ಹಣೆಯ ಮೇಲೆ ಹಚ್ಚೆ ಹಾಕಬೇಕೆಂದು 1968ರಲ್ಲಿ ಅವರು ಬರೆದರು. ಅಮೆರಿಕದಲ್ಲಿ ಈ ರೋಗ ಹೆಚ್ಚಾಗಿದ್ದುದು ಕರಿಯರಲ್ಲಿ. ಮೊದಲೇ ಮೈಬಣ್ಣದಿಂದ ಗುರುತಿಸಲ್ಪಟ್ಟವರಿಗೆ ಇನ್ನೊಂದು ಗುರುತು!

ಈ ಮಾತು ನಮಗೂ ದೂರದ್ದಲ್ಲ. 1952ರಲ್ಲಿ ನೀಲಗಿರಿಯ ಗಿರಿಜನರಲ್ಲಿ ಈ ದೋಷ ಕಂಡುಬಂದಿತು. 2023ರ ಜುಲೈಯಲ್ಲಿ ಪ್ರಾರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ರಕ್ತ ಪರೀಕ್ಷಿಸಿ ಕಾರ್ಡು ಕೊಡುವ ಏರ್ಪಾಡಾಯಿತು. ಆ ಕಾರ್ಡು ಚಿಕಿತ್ಸೆಗೆ ದಾರಿಯಾಗಬೇಕು, ಹೆಣ್ಣುಗಂಡುಗಳನ್ನು ದೂರವಿಡುವ ನೆಪವಾಗಬಾರದು.

1994ನೆಯ ಇಸವಿ ಆಗಸ್ಟ್ 19ರಂದು ಪಾಲಿಂಗ್ ಕಾಲವಾದರು. ಅವರ ಶೋಧವನ್ನು ನಾವು ಕೃತಜ್ಞತೆಯಿಂದ ಸ್ವೀಕರಿಸೋಣ, ಆ ಹಚ್ಚೆಯ ಸಲಹೆಯನ್ನು ಮಾತ್ರ ಎಚ್ಚರಿಕೆಯಾಗಿ ನೆನೆಯೋಣ. ರಕ್ತದಲ್ಲಿರುವುದನ್ನು ಓದಿ ಹೇಳುವುದು ವಿಜ್ಞಾನದ ಕೆಲಸ. ಹಣೆಬರಹ ಬರೆಯುವ ಅಧಿಕಾರ ಅದಕ್ಕಿಲ್ಲ.