ಮೊಳಕೆಯನ್ನು ತೆರೆಗೆ ತಂದ ದಾದಾಸಾಹೇಬ ಫಾಲ್ಕೆ

ಬೀಜ ಮೊಳೆತು ಬಳ್ಳಿಯಾಗುವುದನ್ನು ಕುಳಿತಲ್ಲಿಯೇ ಕಣ್ಣಾರೆ ಕಂಡವರಿಲ್ಲ. ಅಷ್ಟು ನಿಧಾನದ ಬೆಳವಣಿಗೆ ನಮ್ಮ ಕಣ್ಣಿಗೆ ಸಿಕ್ಕುವುದಿಲ್ಲ. ಅದನ್ನೂ ತೆರೆಯ ಮೇಲೆ ಮೂಡಿಸಿ ನೋಡಿದವರನ್ನು ಬೆರಗುಗೊಳಿಸಿದ ಮಹನೀಯರು, ಭಾರತೀಯ ಚಲಚ್ಚಿತ್ರದ ಜನಕರೆಂದು ಹೆಸರಾದ ದಾದಾಸಾಹೇಬ ಫಾಲ್ಕೆಯವರು.

ಧುಂಡಿರಾಜ ಗೋವಿಂದ ಫಾಲ್ಕೆಯವರು ಜನಿಸಿದ್ದು 1870ರ ಏಪ್ರಿಲ್ 30ರಂದು, ನಾಸಿಕದ ಬಳಿಯ ತ್ರ್ಯಂಬಕದಲ್ಲಿ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿಯೂ ಬರೋಡೆಯ ಕಲಾಭವನದಲ್ಲಿಯೂ ಕಲಿತರು. ಗೋಧ್ರಾದಲ್ಲಿ ಛಾಯಾಚಿತ್ರದ ಅಂಗಡಿ ತೆರೆದರು. ಅಲ್ಲಿ ಪ್ಲೇಗು ಮಡದಿಯನ್ನೂ ಮಗುವನ್ನೂ ಬಲಿ ತೆಗೆದುಕೊಂಡಿತು. ಮುಂದೆ ಮುದ್ರಣದ ಕೆಲಸ ಹಿಡಿದರು. ಪಾಲುದಾರರೊಡನೆ ಮನಸ್ತಾಪ ಬಂದು ಅದನ್ನೂ ಬಿಟ್ಟರು.

ವಯಸ್ಸು ನಲವತ್ತು ದಾಟಿತ್ತು. ಆಗ ಮುಂಬಯಿಯಲ್ಲಿ ಏಸುಕ್ರಿಸ್ತನ ಜೀವನದ ಮೂಕಚಿತ್ರವೊಂದನ್ನು ಕಂಡರು. ನಮ್ಮ ರಾಮ, ಕೃಷ್ಣರೂ ಹೀಗೆಯೇ ತೆರೆಗೆ ಬರಬೇಕೆಂಬ ಹಂಬಲ ಹುಟ್ಟಿತು. ಹಗಲಿರುಳೆನ್ನದೆ ಅಭ್ಯಾಸ ಮಾಡಿದ್ದರಿಂದ ಕೆಲಕಾಲ ಕಣ್ಣೇ ಕಾಣದಂತಾಯಿತು. ಚಿಕಿತ್ಸೆಯಿಂದ ದೃಷ್ಟಿ ಮರಳಿದ ಕೂಡಲೇ ಮತ್ತೆ ಅದೇ ಕೆಲಸಕ್ಕೆ ನಿಂತರು. ವಿಮಾ ಪತ್ರವನ್ನು ಒತ್ತೆಯಿಟ್ಟು 1912ರಲ್ಲಿ ಲಂಡನ್ನಿಗೆ ಹೋಗಿ, ವಿದ್ಯೆ ಕಲಿತು, ಕ್ಯಾಮೆರಾ ಕೊಂಡು ಬಂದರು.

ಆದರೆ ಹೊಸ ಉದ್ಯೋಗಕ್ಕೆ ಸಾಲ ಕೊಡುವವರಾರು? ಫಾಲ್ಕೆಯವರು ಕುಂಡದಲ್ಲಿ ಬಟಾಣಿ ಬಿತ್ತಿದರು. ಎದುರಿಗೆ ಕ್ಯಾಮೆರಾವನ್ನು ಕದಲದಂತೆ ನಿಲ್ಲಿಸಿ, ತಿಂಗಳಿಗೂ ಮಿಕ್ಕಿ ದಿನದಿನವೂ ಚಿತ್ರ ತೆಗೆದರು. ಫಿಲ್ಮಿನ ಮೇಲೆ ಮೂಡಿದ್ದು ಬಿಡಿಬಿಡಿ ಸ್ಥಿರಚಿತ್ರಗಳೇ. ಅವು ತೆರೆಯ ಮೇಲೆ ಒಂದರ ಹಿಂದೊಂದು ವೇಗವಾಗಿ ಸರಿದಾಗ ನಮ್ಮ ಕಣ್ಣು ಅವನ್ನು ಬೇರೆಬೇರೆಯಾಗಿ ಗುರುತಿಸಲಾರದು. ಎಲ್ಲವೂ ಒಂದೇ ಚಲನೆಯಾಗಿ ತೋರುತ್ತವೆ. ಹೀಗೆ ವಾರಗಟ್ಟಲೆ ಬೆಳೆದ ಬಳ್ಳಿ ಕ್ಷಣಾರ್ಧದಲ್ಲಿ ತಲೆಯೆತ್ತಿ ಚಿಗುರಿತು! ಈ ಪುಟ್ಟ ಚಿತ್ರವನ್ನು ಕಂಡವರು ಹಣ ಕೊಡಲು ಮುಂದಾದರು.

ಎರಡನೆಯ ಪತ್ನಿ ಸರಸ್ವತೀಬಾಯಿಯವರು ತಮ್ಮ ಒಡವೆಗಳನ್ನೇ ಕೊಟ್ಟರು. ಫಿಲ್ಮಿಗೆ ರಂಧ್ರ ಹಾಕುವುದರಿಂದ ಹಿಡಿದು ಕೆಲಸಗಾರರಿಗೆಲ್ಲ ಅಡಿಗೆ ಮಾಡುವವರೆಗೆ ಎಲ್ಲಕ್ಕೂ ಹೆಗಲು ಕೊಟ್ಟರು. 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ‘ರಾಜಾ ಹರಿಶ್ಚಂದ್ರ’ ಪ್ರದರ್ಶನಗೊಂಡಿತು. ‘ಲಂಕಾದಹನ’ (1917), ‘ಕಾಲಿಯಮರ್ದನ’ (1919) ಮೊದಲಾದವು ಅದರ ಹಿಂದೆ ಬಂದವು. ಬೆಂಕಿಕಡ್ಡಿಗಳನ್ನು ಇಷ್ಟಿಷ್ಟೇ ಸರಿಸಿ, ಸರಿಸಿದಾಗಲೆಲ್ಲ ಚಿತ್ರ ತೆಗೆದು, ಅವು ತಾವಾಗಿಯೇ ಕುಣಿಯುವಂತೆಯೂ ತೋರಿಸಿದರು. ಅವರ ಏಕೈಕ ವಾಕ್ಚಿತ್ರ ‘ಗಂಗಾವತರಣ’ (1937) ತಯಾರಾದದ್ದು ನಮ್ಮ ಬುಧಗಾಂವಕ್ಕೆ ಸಮೀಪದ ಕೊಲ್ಹಾಪುರದಲ್ಲಿ.

1944ರ ಫೆಬ್ರವರಿ 16ರಂದು ಅವರು ನಾಸಿಕದಲ್ಲಿ ತೀರಿಕೊಂಡರು. ಕೊನೆಗಾಲದಲ್ಲಿ ಅವರ ಬಳಿ ಸಂಪತ್ತೂ ಇರಲಿಲ್ಲ, ವಿಚಾರಿಸುವವರೂ ಹೆಚ್ಚಿರಲಿಲ್ಲ. ಅವರ ಹೆಸರಿನ ರಾಷ್ಟ್ರೀಯ ಪ್ರಶಸ್ತಿ ಮುಂದೆ ನಮ್ಮ ಕನ್ನಡದ ಡಾ. ರಾಜಕುಮಾರ್ ಹಾಗೂ ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರಿಗೂ ಸಂದಿತು.

ವಿದ್ಯಾರ್ಥಿ ಮಿತ್ರರೇ, ದಿನಕ್ಕಿಷ್ಟರಂತೆ ತೆಗೆದ ಚಿತ್ರಗಳಿಂದ ಬಳ್ಳಿ ಬೆಳೆಯಿತು. ಒಂದು ದಿನ ಬೇಸತ್ತು ಬಿಟ್ಟಿದ್ದರೂ ಅದು ನಡುವೆ ಮುಗ್ಗರಿಸುತ್ತಿತ್ತು. ನಮ್ಮ ನಿತ್ಯದ ಅಭ್ಯಾಸವೂ ಹಾಗೆಯೇ ಅಲ್ಲವೇ?