ಶ್ರೀ ಜಗನ್ನಾಥದಾಸಾರ್ಯರ ಆಯುಷ್ಯದ ಸಾರ್ಥಕ್ಯ

ಭಾದ್ರಪದ ಶುದ್ಧ ನವಮಿಯು ಶ್ರೀ ಜಗನ್ನಾಥದಾಸಾರ್ಯರ ಆರಾಧನೆಯ ಪುಣ್ಯದಿನ. ಸಿಂಧನೂರು, ಮಸ್ಕಿ, ಲಿಂಗಸುಗೂರು ಪ್ರಾಂತದ ಸಜ್ಜನರಿಗೆ ದಾಸರಾಯರು ದೂರದವರಲ್ಲ. ನೆರೆಯ ಮಾನ್ವಿಯೇ ಅವರ ಕರ್ಮಭೂಮಿ. ನಮಗೆ ದೊರೆತ ಆಯುಷ್ಯ ಯಾರ ಸೊತ್ತು, ಅದನ್ನು ಯಾವುದಕ್ಕೆ ವಿನಿಯೋಗಿಸಬೇಕು ಎಂಬ ಪ್ರಶ್ನೆಗೆ ಅವರ ಚರಿತ್ರೆಯೇ ಉತ್ತರವಾಗಿದೆ.

1728ನೆಯ ಇಸವಿ, ಕೀಲಕ ಸಂವತ್ಸರದಲ್ಲಿ ಮಾನ್ವಿ ಸಮೀಪದ ಬ್ಯಾಗವಾಟ ಗ್ರಾಮದಲ್ಲಿ ಅವರ ಜನನ. ಮಂತ್ರಾಲಯ ಸಂಸ್ಥಾನದ ಶ್ರೀ ವರದೇಂದ್ರತೀರ್ಥರಲ್ಲಿ ವೇದಾಂತಾಧ್ಯಯನ ಮಾಡಿ ಶ್ರೀನಿವಾಸಾಚಾರ್ಯರೆಂದು ವಿಖ್ಯಾತರಾದರು. ಆದರೆ ಪಾಂಡಿತ್ಯದೊಡನೆ ಅಭಿಮಾನವೂ ಬೆಳೆಯಿತು. ಗೆಜ್ಜೆ ಕಟ್ಟಿ ಕನ್ನಡದಲ್ಲಿ ಹಾಡುವ ಹರಿದಾಸರು ಅವರ ಕಣ್ಣಿಗೆ ಹಗುರವಾಗಿ ಕಂಡರು. ಶ್ರೀ ವಿಜಯದಾಸರು ಮಾನ್ವಿಗೆ ಬಂದು ಭೋಜನಕ್ಕೆ ಆಹ್ವಾನಿಸಿದಾಗ ಉದರಶೂಲೆಯ ನೆಪ ಹೇಳಿ ತಪ್ಪಿಸಿಕೊಂಡರು. ಆ ನೆಪವೇ ನಿಜವಾಗಿ, ಅನ್ನ ಸೇರದಂತಹ ವ್ಯಾಧಿ ಅವರನ್ನು ಆವರಿಸಿತೆಂದು ದಾಸಪರಂಪರೆ ಹೇಳುತ್ತದೆ.

ಓದಿದ ಶಾಸ್ತ್ರವಾಗಲಿ, ಗಳಿಸಿದ ಕೀರ್ತಿಯಾಗಲಿ ಆಗ ನೆರವಿಗೆ ಬರಲಿಲ್ಲ. ಮಂತ್ರಾಲಯದಲ್ಲಿ ಸೇವೆಗೈಯುತ್ತಿದ್ದಾಗ ಶ್ರೀ ರಾಘವೇಂದ್ರಸ್ವಾಮಿಗಳು ಸ್ವಪ್ನದಲ್ಲಿ ವಿಜಯದಾಸರನ್ನೇ ಶರಣುಹೋಗುವಂತೆ ಅಪ್ಪಣೆಯಿತ್ತರು. ವಿಜಯದಾಸರು ತಮ್ಮ ಶಿಷ್ಯರಾದ ಉತ್ತನೂರಿನ ಶ್ರೀ ಗೋಪಾಲದಾಸರ ಬಳಿಗೆ ಕಳುಹಿದರು. ಕರುಣಾಳುಗಳಾದ ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ, ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರು. ತಾವು ಹೀಗಳೆದ ದಾಸಕೂಟದಿಂದಲೇ ಆಚಾರ್ಯರಿಗೆ ಪುನರ್ಜನ್ಮ ದೊರೆಯಿತು.

ಪಂಢರಾಪುರದಲ್ಲಿ ಜಗನ್ನಾಥವಿಠಲಾಂಕಿತ ಪಡೆದ ಮೇಲೆ, ದಾನವಾಗಿ ಬಂದ ವರ್ಷಗಳನ್ನು ಅವರು ತಮ್ಮವೆಂದು ಎಣಿಸಲಿಲ್ಲ. ಯಾವ ಕನ್ನಡವನ್ನು ಹಗುರವೆಂದರೋ ಅದೇ ಕನ್ನಡದಲ್ಲಿ, ಭಾಮಿನೀ ಷಟ್ಪದಿಯ 32 ಸಂಧಿಗಳ ಹರಿಕಥಾಮೃತಸಾರವನ್ನು ರಚಿಸಿ, ಶ್ರೀಮದಾಚಾರ್ಯರ ಸಿದ್ಧಾಂತವನ್ನು ಸಂಸ್ಕೃತವರಿಯದವರಿಗೂ ಉಣಬಡಿಸಿದರು. ಉಣ್ಣುವುದು, ನಡೆಯುವುದು, ಮಲಗುವುದು, ಎಲ್ಲವೂ ಬಿಂಬರೂಪಿ ಹರಿಯ ಪೂಜೆಯೆಂಬ ಅನುಸಂಧಾನವೇ ಆ ಗ್ರಂಥದ ತಿರುಳು. ಕುಟ್ಟುವ ಹೆಂಗಳೆಯರ ಸುವ್ವಿಯ ಧಾಟಿಯಲ್ಲಿ ತತ್ತ್ವಸುವ್ವಾಲಿಯನ್ನೂ ರಚಿಸಿದರು.

ಈ ಪ್ರವಾಹ ನಮ್ಮ ಅಂಗಳಕ್ಕೂ ಹರಿಯಿತು. ಲಿಂಗಸುಗೂರಿನ ಶ್ರೀ ಪ್ರಾಣೇಶದಾಸರು ಇವರ ಶಿಷ್ಯರು. ಇವರ ವಿದ್ಯಾಗುರುಗಳಾದ ವರದೇಂದ್ರರ ಬೃಂದಾವನದ ಸನ್ನಿಧಿಯೂ ಅದೇ ಊರಿನಲ್ಲಿದೆ.

1809ರ ಶುಕ್ಲ ಸಂವತ್ಸರದಲ್ಲಿ ದಾಸರಾಯರು ಮಾನ್ವಿಯಲ್ಲಿ ಹರಿಪುರವನ್ನು ಸೇರಿದರು. ಅಲ್ಲಿಯ ಸ್ತಂಭದಲ್ಲಿ ಅವರ ಸನ್ನಿಧಾನವಿದೆಯೆಂದು ಭಕ್ತರು ಇಂದಿಗೂ ಸೇವಿಸುತ್ತಾರೆ.

ನಮ್ಮ ಆಯುಷ್ಯವೂ ಶ್ರೀಹರಿ ದಯಮಾಡಿ ಕೊಟ್ಟದ್ದೇ. ದಾನವೆಂದು ತಿಳಿದವನು ಅದನ್ನು ವ್ಯರ್ಥಗೊಳಿಸಲಾರ. ದಿನಕ್ಕೊಂದು ಪದ್ಯವನ್ನಾದರೂ ಅರ್ಥಸಹಿತ ಮಕ್ಕಳೊಡನೆ ಪಠಿಸುವ ಸಂಕಲ್ಪವನ್ನು ಈ ಆರಾಧನೆಯಂದು ಮಾಡೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥