ಕಾಣೆಯಾದ 40 ಮೈಲಿ

ಮಕ್ಕಳೇ, ಕಾಪುವಿನಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗಿದ್ದೀರಾ? ರಸ್ತೆ ಎಷ್ಟೊಂದು ಕಡೆ ತಿರುಗುತ್ತದೆ! ಆದರೆ ನಕ್ಷೆಯಲ್ಲಿ ಎರಡೂ ಊರುಗಳ ನಡುವೆ ಸ್ಕೇಲ್ ಇಟ್ಟು ಅಳೆದರೆ ಸಿಗುವುದು ಸುಮಾರು 27 ಕಿ.ಮೀ. ಮಾತ್ರ. ಇದು ನೇರ ದೂರ. ವಿಮಾನಕ್ಕೆ ಬೇಕಾದದ್ದು ಈ ಲೆಕ್ಕ. ಉಡುಪಿ, ಮಣಿಪಾಲದವರು ವಿಮಾನ ಹತ್ತಲು ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುತ್ತಾರಲ್ಲವೇ? ಅಲ್ಲಿಂದ ಚೆನ್ನೈಗೆ ರಸ್ತೆಯಲ್ಲಿ ಸುಮಾರು 700 ಕಿ.ಮೀ., ನೇರವಾಗಿ ಸುಮಾರು 570 ಕಿ.ಮೀ. ಗಂಟೆಗೆ 760 ಕಿ.ಮೀ. ವೇಗದಲ್ಲಿ ಹಾರಿದರೆ 45 ನಿಮಿಷದ ದಾರಿ. (ಏರುವಾಗ, ಇಳಿಯುವಾಗ ವೇಗ ಕಡಿಮೆ, ಹಾಗಾಗಿ ನಿಜವಾಗಿ ಒಂದು ಗಂಟೆ ದಾಟುತ್ತದೆ.)

ವಿಮಾನವೇ ಇಲ್ಲದ ಕಾಲದಲ್ಲಿ, ಘಟ್ಟ ಕಾಡುಗಳನ್ನು ದಾಟಿ ಈ ನೇರ ದೂರವನ್ನು ಅಳೆದವರು ವಿಲಿಯಂ ಲ್ಯಾಂಬ್ಟನ್.

ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಬಡ ಮನೆಯಲ್ಲಿ ಹುಟ್ಟಿದ ಅವರು ಗಣಿತದ ಬಲದಿಂದಲೇ ಸೈನ್ಯ ಸೇರಿದರು. ಅಮೆರಿಕ ಖಂಡದಲ್ಲಿದ್ದಾಗ ಸರಿಯಾದ ರಕ್ಷಣೆಯಿಲ್ಲದೆ ಸೂರ್ಯಗ್ರಹಣ ನೋಡಿ ಒಂದು ಕಣ್ಣಿಗೆ ಹಾನಿ ಮಾಡಿಕೊಂಡರು. (ನೀವು ಹಾಗೆ ನೋಡಲೇಬೇಡಿ!) 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದ ವೇಳೆ ಒಂದು ರಾತ್ರಿ, ತಮ್ಮ ಪಡೆ ದಿಕ್ಕು ತಪ್ಪಿ ಎದುರಾಳಿಗಳ ಕಡೆಗೇ ನಡೆಯುತ್ತಿದೆ ಎಂಬುದನ್ನು ಅವರು ನಕ್ಷತ್ರ ನೋಡಿಯೇ ಕಂಡುಹಿಡಿದರು.

ಯುದ್ಧ ಮುಗಿದ ಮೇಲೆ ಅವರು ಅಳತೆಗೆ ಇಳಿದರು. 1802ರ ಏಪ್ರಿಲ್ 10ರಂದು ಮದ್ರಾಸಿನಲ್ಲಿ, ಅಂದರೆ ಇಂದಿನ ಚೆನ್ನೈಯಲ್ಲಿ, ಏಳೂವರೆ ಮೈಲಿ ಉದ್ದದ ಒಂದು ಗೆರೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆಯತೊಡಗಿದರು. ಸರಪಳಿಯನ್ನು ಸುಮಾರು 400 ಸಲ ಇಡಬೇಕಾಯಿತು. ಅದಕ್ಕೆ ಹಿಡಿದದ್ದು 57 ದಿನ! ಏಕೆ ಗೊತ್ತೇ? ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಆದ್ದರಿಂದ ಸರಪಳಿಗೆ ನೆರಳು ಮಾಡಿ, ಉಷ್ಣತೆಯನ್ನು ಬರೆದುಕೊಂಡೇ ಮುಂದುವರಿಯುತ್ತಿದ್ದರು.

ಆಮೇಲೆ ಸರಪಳಿಯ ಕೆಲಸ ಕಡಿಮೆ, ತ್ರಿಭುಜದ ಕೆಲಸ ಹೆಚ್ಚು. ನೀವೂ ಮಾಡಬಹುದು. ಕಾಪು ಕಡಲತೀರದಲ್ಲಿ ಒಂದು ಗೆರೆ ಎಳೆದು ಅಳೆಯಿರಿ. ಅದರ ಎರಡೂ ತುದಿಗಳಲ್ಲಿ ನಿಂತು ದೀಪಸ್ತಂಭವನ್ನು ನೋಡಿ, ಗೆರೆಗೂ ನೋಟಕ್ಕೂ ನಡುವಿನ ಕೋನ ಅಳೆಯಿರಿ. ಒಂದು ಬಾಹು, ಎರಡು ಕೋನ ಸಿಕ್ಕಿದರೆ ತ್ರಿಭುಜ ರಚಿಸಬಹುದೆಂದು ಕಲಿತಿದ್ದೀರಿ. ಬಂಡೆ ಹತ್ತದೆಯೇ ದೀಪಸ್ತಂಭದ ದೂರ ಸಿಕ್ಕಿತು! ಆ ದೂರವೇ ಮುಂದಿನ ತ್ರಿಭುಜಕ್ಕೆ ಬಾಹು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಭುಜಗಳನ್ನು ಜೋಡಿಸುತ್ತ ಲ್ಯಾಂಬ್ಟನ್ ಮತ್ತು ಅವರ ತಂಡದವರು ಬೆಂಗಳೂರು ದಾಟಿ ಮಂಗಳೂರು ಕರಾವಳಿಯವರೆಗೆ ಅಳೆದರು. ಕೋನ ಅಳೆಯುವ ಥಿಯೊಡೊಲೈಟ್ ಉಪಕರಣವೇ ಅರ್ಧ ಟನ್ ತೂಕವಿತ್ತು. ಅದನ್ನು ಬೆಟ್ಟಗಳಿಗೆ ಹೊತ್ತ ಆಳುಗಳ ಹೆಸರು ಪುಸ್ತಕಗಳಲ್ಲಿ ಕಾಣುವುದಿಲ್ಲ.

ಹಳೆಯ ನಕ್ಷೆಗಳ ಪ್ರಕಾರ ಮದ್ರಾಸ್‌–ಮಂಗಳೂರು ದೂರ 400 ಮೈಲಿ. ಲ್ಯಾಂಬ್ಟನ್ ಅವರ ಲೆಕ್ಕಕ್ಕೆ ಸಿಕ್ಕಿದ್ದು 360 ಮೈಲಿ, ಅಂದರೆ ಸುಮಾರು 580 ಕಿ.ಮೀ. ಮಾತ್ರ! 40 ಮೈಲಿ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿರಲಿಲ್ಲ, ಹಳೆಯ ನಕ್ಷೆಯೇ ತಪ್ಪಾಗಿತ್ತು. ಇಂದಿನ ವಿಮಾನಕ್ಕೆ ಅದು ಐದು ನಿಮಿಷದ ಹಾರಾಟ. (ವಿಮಾನ ನಿಲ್ದಾಣಗಳು ಕಡಲಿನಿಂದ ಸ್ವಲ್ಪ ಒಳಗಿರುವುದರಿಂದ ಅವುಗಳ ನಡುವಿನ ದೂರ ಇನ್ನೂ ಸ್ವಲ್ಪ ಕಡಿಮೆ.)

1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಥಿಯೊಡೊಲೈಟ್ ಗೋಡೆಗೆ ಬಡಿಯಿತು. ಲ್ಯಾಂಬ್ಟನ್ ಡೇರೆಯೊಳಗೆ ಕುಳಿತು ಆರು ವಾರಗಳಲ್ಲಿ ತಾವೇ ಅದನ್ನು ಸರಿಪಡಿಸಿದರು. ಬಳಿಕ ಅಳೆಯುತ್ತ ಉತ್ತರಕ್ಕೆ ನಡೆದರು. 1823ರ ಜನವರಿ 20ರಂದು, ಇಂದಿನ ಮಹಾರಾಷ್ಟ್ರದ ಹಿಂಗನ್‌ಘಾಟ್‌ನಲ್ಲಿ, ಪ್ರಯಾಣದ ನಡುವೆಯೇ ತೀರಿಕೊಂಡರು. ಅವರು ನಿಲ್ಲಿಸಿದಲ್ಲಿಂದ ಸಹಾಯಕ ಜಾರ್ಜ್ ಎವರೆಸ್ಟ್ ಮುಂದುವರಿಸಿದರು. ತ್ರಿಭುಜಗಳ ಸಾಲು ಹಿಮಾಲಯದ ಬುಡದವರೆಗೂ ಹೋಯಿತು.